ನಿದ್ದೆ ಹೋಗುವ ಸಿಲಿಂಡರು, ಹೊತ್ತು ಬದಲಿಸುವ ವಾಲ್ವು

ಎಂಟು ಸಿಲಿಂಡರುಗಳ ಭಾರಿ ಎಂಜಿನ್ ಹೊತ್ತ ಅಮೆರಿಕದ ಕಾರೊಂದು ಹೆದ್ದಾರಿಯಲ್ಲಿ ಹದವಾದ ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ರಸ್ತೆ ಸಮತಟ್ಟಾಗಿದೆ, ಮುಂದೆ ಯಾರೂ ಇಲ್ಲ. ಚಾಲಕ ಆಕ್ಸಿಲರೇಟರ್ ಮೇಲಿನ ಕಾಲನ್ನು ತುಸು ಸಡಿಲಿಸುತ್ತಾನೆ. ಕೂಡಲೇ ಎಂಟರಲ್ಲಿ ನಾಲ್ಕು ಸಿಲಿಂಡರುಗಳು ಕೆಲಸ ನಿಲ್ಲಿಸಿ ನಿದ್ದೆ ಹೋಗುತ್ತವೆ! ಉಳಿದ ನಾಲ್ಕೇ ಕಾರನ್ನು ಎಳೆಯುತ್ತವೆ. ಏರು ಬಂದರೆ ಅಥವಾ ಮುಂದಿನ ಗಾಡಿಯನ್ನು ಹಿಂದೆ ಹಾಕಬೇಕಾದರೆ, ಮಲಗಿದ್ದ ನಾಲ್ಕೂ ಕಣ್ಣು ಮಿಟುಕಿಸುವುದರೊಳಗೆ ಎದ್ದು ಕೆಲಸಕ್ಕೆ ಹಾಜರು.

ಇಷ್ಟು ಚೆಂದದ ಏರ್ಪಾಡನ್ನು ಕೈಯಿಂದ ಹಣ ಕೊಟ್ಟು ಕಿತ್ತು ಹಾಕಿಸುವವರು ಅದೇ ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ಅದಕ್ಕೆಂದೇ ಬಿಡಿಭಾಗಗಳ ಕಿಟ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಇದರ ಜೊತೆಯಲ್ಲೇ, ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತನ್ನು ಬದಲಿಸುವ ಇನ್ನೊಂದು ಏರ್ಪಾಡನ್ನೂ ಕೆಲವರು ತೆಗೆಸಿಬಿಡುತ್ತಾರೆ. ಎರಡೂ ಒಂದೇ ಜಾತಿಯ ತಲೆನೋವು, ಹೋದರೆ ಒಟ್ಟಿಗೆ ಹೋಗಲಿ ಎಂಬ ಭಾವನೆ. ಎಂಜಿನ್ ಹುಚ್ಚು ಹತ್ತಿದ ನಮ್ಮ ಪಿ.ಯು.ಸಿ. ಹುಡುಗರ ಬಾಯಲ್ಲೂ ಈ ‘ಡಿಲೀಟ್’ ಎಂಬ ಮಾತು ಈಗ ಕೇಳಿಬರುತ್ತಿದೆ. ಆದರೆ ಇವೆರಡೂ ಒಂದೇ ಬಾನೆಟ್ ಕೆಳಗೆ ವಾಸವಾಗಿರುವ ಬೇರೆ ಬೇರೆ ಮನೆತನದವು. ಒಂದು ದುಡಿದು ತರುವುದು, ಇನ್ನೊಂದು ಉಳಿತಾಯ ಮಾಡುವುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ.

ಐದು ಮಿಲಿಸೆಕೆಂಡಿನ ಅವಸರ

ಪೆಟ್ರೋಲ್ ಎಂಜಿನ್ನಿನ ನಾಲ್ಕು ಹೊಡೆತಗಳನ್ನು ನೀವು ಓದಿದ್ದೀರಿ. ಹೀರುವುದು, ಒತ್ತುವುದು, ಸಿಡಿಯುವುದು, ಹೊರದೂಡುವುದು. ಹೀರುವಾಗ ಒಂದು ವಾಲ್ವ್ ತೆರೆಯಬೇಕು, ಹೊರದೂಡುವಾಗ ಇನ್ನೊಂದು. (ಪಠ್ಯಪುಸ್ತಕದಲ್ಲಿ ಇದು ‘ಕವಾಟ’. ಗ್ಯಾರೇಜಿಗೆ ಹೋಗಿ ಕವಾಟ ಎಂದರೆ ಮೆಕ್ಯಾನಿಕ್ ಬೀರುವಿನ ಬಾಗಿಲು ನೋಡಿಯಾನು.) ವಾಲ್ವ್‌ಗಳನ್ನು ತೆರೆಯುವುದು ಕ್ಯಾಮ್ ಶಾಫ್ಟ್ ಎಂಬ ದಂಡ. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ದಂಡ ತಿರುಗಿದಂತೆ ಉಬ್ಬು ಬಂದು ವಾಲ್ವನ್ನು ಒತ್ತುತ್ತದೆ, ಉಬ್ಬು ದಾಟಿದೊಡನೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಎಂಜಿನ್ ಸುಮ್ಮನೆ ನಿಂತು ಓಡುವಾಗ ನಿಮಿಷಕ್ಕೆ 600 ಸುತ್ತು ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 100 ಮಿಲಿಸೆಕೆಂಡ್. ಒಂದು ಹೊಡೆತ ಅರ್ಧ ಸುತ್ತು, ಅಂದರೆ 50 ಮಿಲಿಸೆಕೆಂಡ್. ಅದೇ ಎಂಜಿನ್ 6000 ಸುತ್ತಿಗೆ ಏರಿದಾಗ? ಬರೀ 5 ಮಿಲಿಸೆಕೆಂಡ್. ಅಷ್ಟರೊಳಗೆ ಸಿಲಿಂಡರ್ ತುಂಬ ಗಾಳಿ ಒಳಗೆ ಬರಬೇಕು.

ಗಾಳಿಗೂ ತೂಕವಿದೆ, ಜಡತ್ವವಿದೆ. ಹೊರಡಲು ಅದಕ್ಕೆ ಹೊತ್ತು ಬೇಕು. ಒಮ್ಮೆ ಓಟಕ್ಕೆ ಬಿದ್ದ ಮೇಲೆ ನಿಲ್ಲುವುದಕ್ಕೂ ಹೊತ್ತು ಬೇಕು. ಆದ್ದರಿಂದ ವೇಗದ ಎಂಜಿನ್ನುಗಳಲ್ಲಿ ಒಳವಾಲ್ವನ್ನು ಸ್ವಲ್ಪ ಮುಂಚಿತವಾಗಿ ತೆರೆದು, ಪಿಸ್ಟನ್ ಕೆಳಗೆ ಮುಟ್ಟಿ ಮೇಲಕ್ಕೆ ಹೊರಟ ನಂತರವೂ ತೆರೆದಿಟ್ಟಿರುತ್ತಾರೆ. ನುಗ್ಗುತ್ತಿರುವ ಗಾಳಿ ಆ ಹೊತ್ತಿನಲ್ಲೂ ಒಳಗೆ ಬರುತ್ತಲೇ ಇರುತ್ತದೆ. ಹೊರವಾಲ್ವ್ ಮುಚ್ಚುವ ಮೊದಲೇ ಒಳವಾಲ್ವ್ ತೆರೆಯುವುದರಿಂದ ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತವೆ. ನಿಲ್ದಾಣದಲ್ಲಿ ನಿಂತ ಬಸ್ಸಿನಂತೆ ಇದು. ಮುಂದಿನ ಬಾಗಿಲಲ್ಲಿ ಇಳಿಯುವವರು ಪೂರ್ತಿ ಇಳಿಯುವ ಮೊದಲೇ ಹಿಂದಿನ ಬಾಗಿಲಲ್ಲಿ ಹತ್ತಿಸಿಕೊಂಡರೆ ಅವಸರದ ವೇಳೆಯಲ್ಲಿ ಸಮಯ ಉಳಿಯುತ್ತದೆ. ಜನರ ನೂಕು ಒಂದೇ ದಿಕ್ಕಿಗೆ ಇರುವಷ್ಟು ಹೊತ್ತು ಎಲ್ಲವೂ ಸರಿ. ನೂಕು ಇಲ್ಲದಾಗ ಇಳಿಯಬೇಕಾದವರು ನಡುವೆಯೇ ನಿಂತು ಹತ್ತುವವರಿಗೆ ಅಡ್ಡವಾಗುತ್ತಾರೆ. ಎಂಜಿನ್ ನಿಧಾನವಾಗಿ ಓಡುವಾಗ ಆಗುವುದೂ ಇದೇ. ಸುಟ್ಟ ಹೊಗೆ ಒಳದಾರಿಗೇ ಹಿಂದಿರುಗಿ, ಎಂಜಿನ್ ತಡವರಿಸುತ್ತದೆ. ರೇಸ್ ಕಾರುಗಳು ನಿಂತಲ್ಲಿ ಗುಡುಗುಡು ಎಂದು ಲಯ ತಪ್ಪಿ ಸದ್ದು ಮಾಡುವುದು ಇದರಿಂದಲೇ. ಅಮೆರಿಕದ ಯುವಕರಿಗೆ ಆ ಸದ್ದೆಂದರೆ ಪ್ರಾಣ!

ಹೀಗಾಗಿ ಬಹಳ ಕಾಲ ಎಂಜಿನ್ ತಯಾರಕರ ಮುಂದೆ ಎರಡೇ ದಾರಿಗಳಿದ್ದವು. ಕೆಳವೇಗದಲ್ಲಿ ಚೆನ್ನಾಗಿ ಎಳೆಯುವ ಕ್ಯಾಮ್ ಅಥವಾ ಮೇಲ್ವೇಗದಲ್ಲಿ ಚೆನ್ನಾಗಿ ಓಡುವ ಕ್ಯಾಮ್. ವಾಲ್ವಿನ ಹೊತ್ತನ್ನೇ ಬದಲಿಸುವ ತಂತ್ರ ಬಂದ ಮೇಲೆ ಎರಡನ್ನೂ ಒಂದೇ ಎಂಜಿನ್ನಿನಲ್ಲಿ ಪಡೆಯುವಂತಾಯಿತು. 1980ರಲ್ಲಿ ಇಟಲಿಯ ಆಲ್ಫಾ ರೋಮಿಯೊ ತನ್ನ ಸ್ಪೈಡರ್ ಕಾರಿನಲ್ಲಿ ಇದನ್ನು ಅಳವಡಿಸಿತು. 1989ರಲ್ಲಿ ಹೋಂಡಾ ಕಂಪನಿಯ ‘ವಿಟೆಕ್’ ಬಂತು. 1.6 ಲೀಟರಿನ ಪುಟ್ಟ ಎಂಜಿನ್ನಿನಿಂದ 160 ಅಶ್ವಶಕ್ತಿ, ಲೀಟರಿಗೆ ನೂರು! ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಬೇಕೆಂದರೆ 2018ರಲ್ಲಿ ಬಂದ 155 ಸಿಸಿಯ ಯಮಾಹಾ ಆರ್-15. ಅದರಲ್ಲಿ ಒಳವಾಲ್ವ್‌ಗಳಿಗೆ ಎರಡು ಬಗೆಯ ಉಬ್ಬುಗಳಿವೆ. 7400 ಸುತ್ತು ದಾಟುತ್ತಿದ್ದಂತೆ ಎಂಜಿನ್ ದೊಡ್ಡ ಉಬ್ಬಿಗೆ ಬದಲಾಗುತ್ತದೆ.

ಜನರಲ್ ಮೋಟಾರ್ಸ್‌ನ ದೊಡ್ಡ ವಿ-8 ಎಂಜಿನ್ನುಗಳದು ಬೇರೆ ವಿಧಾನ. ಇವುಗಳಲ್ಲಿ ಇಂದಿಗೂ ಒಂದೇ ಕ್ಯಾಮ್ ಶಾಫ್ಟ್. ಅದು ಎಂಜಿನ್ನಿನ ಹೊಟ್ಟೆಯಲ್ಲಿ ಕೂತು, ಲಿಫ್ಟರ್ ಮತ್ತು ಉದ್ದನೆಯ ಕಡ್ಡಿಗಳ ಮೂಲಕ ಮೇಲಿನ ವಾಲ್ವ್‌ಗಳನ್ನು ಆಡಿಸುತ್ತದೆ. ಕ್ಯಾಮಿನ ಮುಂತುದಿಯಲ್ಲಿ ‘ಫೇಸರ್’ ಎಂಬ ಸಾಧನವಿರುತ್ತದೆ. ಅದು ಆಯಿಲ್ ಒತ್ತಡದಿಂದ ಕ್ಯಾಮನ್ನು ಅದರ ಚೈನ್ ಚಕ್ರಕ್ಕಿಂತ ತುಸು ಹಿಂದಕ್ಕೋ ಮುಂದಕ್ಕೋ ತಿರುಗಿಸುತ್ತದೆ. ಒಂದೇ ಕ್ಯಾಮ್ ಆದ್ದರಿಂದ ಎರಡು ಬಾಗಿಲೂ ಒಟ್ಟಿಗೆ ತೆರೆದಿರುವ ಅವಧಿ ಬದಲಾಗುವುದಿಲ್ಲ. ಇಡೀ ವೇಳಾಪಟ್ಟಿಯೇ ಹಿಂದೆ ಮುಂದೆ ಸರಿಯುತ್ತದೆ. ಇಷ್ಟರಿಂದಲೇ ಸಾಕಷ್ಟು ಲಾಭವಿದೆ. ಕೆಳವೇಗದಲ್ಲಿ ಒಳವಾಲ್ವ್ ಬೇಗ ಮುಚ್ಚುವುದರಿಂದ ಬಂದ ಗಾಳಿ ಹಿಂದೆ ಹೋಗದು. ಮೇಲ್ವೇಗದಲ್ಲಿ ತಡವಾಗಿ ಮುಚ್ಚುವುದರಿಂದ ಇನ್ನಷ್ಟು ಗಾಳಿ ತುಂಬುತ್ತದೆ. ಇದು ಎಂಜಿನ್ನಿಗೆ ಶಕ್ತಿ ಕೂಡಿಸುವ ಏರ್ಪಾಡು ಎಂಬುದನ್ನು ನೆನಪಿನಲ್ಲಿಡಿ.

ಎಳನೀರಿನ ಕೊಳವೆ, ಸೈಕಲ್ ಪಂಪು

ಇನ್ನು ನಿದ್ದೆಯ ವಿಚಾರ. ಎಳನೀರಿನ ಕೊಳವೆಯನ್ನು ಬೆರಳಲ್ಲಿ ಹಿಸುಕಿ ಹಿಡಿದು ಹೀರಿ ನೋಡಿ. ಎಷ್ಟು ಶ್ರಮ! ಪೆಟ್ರೋಲ್ ಎಂಜಿನ್ ನಿಧಾನವಾಗಿ ಹೋಗುವಾಗ ಅನುಭವಿಸುವುದು ಇದನ್ನೇ. ಚಾಲಕ ಕಾಲು ಸಡಿಲಿಸಿದಾಗ ಥ್ರಾಟಲ್ ಎಂಬ ತಟ್ಟೆ ಗಾಳಿಯ ದಾರಿಯನ್ನು ಮುಕ್ಕಾಲುಪಾಲು ಮುಚ್ಚುತ್ತದೆ. ಎಂಟೂ ಪಿಸ್ಟನ್‌ಗಳು ಹಿಸುಕಿದ ಕೊಳವೆಯಲ್ಲಿ ಹೀರಬೇಕು. ಆ ಶ್ರಮಕ್ಕೆ ಖರ್ಚಾಗುವುದೂ ಪೆಟ್ರೋಲೇ. ನಾಲ್ಕು ಸಿಲಿಂಡರುಗಳನ್ನು ನಿಲ್ಲಿಸಿದರೆ ಉಳಿದ ನಾಲ್ಕು ಹೆಚ್ಚು ದುಡಿಯಬೇಕು, ಅದಕ್ಕಾಗಿ ಥ್ರಾಟಲ್ ಹೆಚ್ಚು ತೆರೆಯಬೇಕು, ಕೊಳವೆಯ ಹಿಸುಕು ಸಡಿಲವಾಗುತ್ತದೆ. ಉಳಿತಾಯದ ಗುಟ್ಟು ಇಷ್ಟೇ.

‘ಸಾರ್, ಮಲಗಿದ ಸಿಲಿಂಡರಿನಲ್ಲೂ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದಲ್ಲ, ಅದಕ್ಕೆ ಶಕ್ತಿ ಖರ್ಚಾಗುವುದಿಲ್ಲವೇ?’ ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಯನ್ನು ಒತ್ತಿ ಬಿಡಿ. ಒತ್ತಿದ್ದಷ್ಟೂ ಹಿಡಿ ತಾನಾಗಿ ಹಿಂದಕ್ಕೆ ಬರುತ್ತದೆ. ಎರಡೂ ವಾಲ್ವ್ ಮುಚ್ಚಿದ ಸಿಲಿಂಡರಿನಲ್ಲಿ ಸಿಕ್ಕಿಕೊಂಡ ಅನಿಲವೂ ಹಾಗೆಯೇ, ಸ್ಪ್ರಿಂಗಿನಂತೆ. ಒತ್ತಲು ಕೊಟ್ಟ ಶಕ್ತಿಯ ಬಹುಪಾಲನ್ನು ಅದು ಹಿಂದಿರುಗಿಸುತ್ತದೆ. ಉಜ್ಜಾಟದ ನಷ್ಟ ಮಾತ್ರ ಉಳಿಯುತ್ತದೆ. ಬರೀ ಪೆಟ್ರೋಲ್ ನಿಲ್ಲಿಸಿ ವಾಲ್ವ್‌ಗಳನ್ನು ಆಡಲು ಬಿಟ್ಟರೆ ಈ ಲಾಭ ಸಿಗದು.

1973 ಮತ್ತು 1979ರ ತೈಲ ಬಿಕ್ಕಟ್ಟುಗಳ ಬಿಸಿ ತಟ್ಟಿದ ಮೇಲೆ, 1981ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಎಂಟು-ಆರು-ನಾಲ್ಕು ಎಂಬ ಎಂಜಿನ್ ಬಂತು. ಅಗತ್ಯಕ್ಕೆ ತಕ್ಕಂತೆ ಎಂಟು, ಆರು ಅಥವಾ ನಾಲ್ಕು ಸಿಲಿಂಡರುಗಳಲ್ಲಿ ಓಡುವ 6 ಲೀಟರಿನ ಎಂಜಿನ್ ಅದು. ಕಲ್ಪನೆ ಸರಿಯಿತ್ತು, ಅದನ್ನು ನಡೆಸುವ ಆ ಕಾಲದ ಕಂಪ್ಯೂಟರಿಗೆ ಅಷ್ಟು ಚುರುಕು ಇರಲಿಲ್ಲ. ಕಾರು ಜಗ್ಗಾಡುತ್ತಿತ್ತು. ಮಾಲೀಕರು ಗ್ಯಾರೇಜಿಗೆ ಹೋಗಿ ಅದರ ವೈರ್ ಬಿಚ್ಚಿಸಿ, ಸದಾ ಎಂಟರಲ್ಲೇ ಓಡಿಸತೊಡಗಿದರು. ಬಹುತೇಕ ಮಾದರಿಗಳಲ್ಲಿ ಅದು ಒಂದೇ ವರ್ಷಕ್ಕೆ ನಿಂತುಹೋಯಿತು. ‘ಡಿಲೀಟ್’ ಎಂಬುದು ಹೊಸದಲ್ಲ ನೋಡಿ.

ಇದೇ ಕಲ್ಪನೆ 2005ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್‌ಗೆ ಮರಳಿತು. ಈ ಬಾರಿ ಕಂಪ್ಯೂಟರ್ ಚುರುಕಾಗಿತ್ತು. ಎಂಟರಲ್ಲಿ 1, 4, 6 ಮತ್ತು 7ನೇ ಸಿಲಿಂಡರುಗಳಿಗೆ ವಿಶೇಷ ಲಿಫ್ಟರ್‌ಗಳು. ಈ ನಾಲ್ಕೇ ಏಕೆ? ಕಿಡಿ ಹಾರುವ ಸರದಿ 1-8-7-2-6-5-4-3. ಒಂದು ಬಿಟ್ಟು ಒಂದನ್ನು ಹೊಡೆದು ಹಾಕಿ, ಉಳಿಯುವುದು 8, 2, 5, 3. ಸಮಾನ ಅಂತರದಲ್ಲಿ ಸಿಡಿಯುವ ನಾಲ್ಕು ಸಿಲಿಂಡರಿನ ಎಂಜಿನ್ ಸಿದ್ಧ! ವಿಶೇಷ ಲಿಫ್ಟರ್ ಒಂದರೊಳಗೊಂದು ಕೂತ ಎರಡು ಭಾಗಗಳದು. ಸಣ್ಣ ಪಿನ್ನುಗಳು ಎರಡನ್ನೂ ಕಚ್ಚಿ ಹಿಡಿದಿರುತ್ತವೆ. ಆಯಿಲ್ ಒತ್ತಡದಿಂದ ಪಿನ್ ಒಳಸರಿದರೆ ಲಿಫ್ಟರ್ ದೂರದರ್ಶಕದ ಕೊಳವೆಯಂತೆ ತನ್ನೊಳಗೇ ಕುಸಿದು, ಕ್ಯಾಮಿನ ಒತ್ತು ವಾಲ್ವಿಗೆ ತಲುಪುವುದೇ ಇಲ್ಲ.

ಇದರಿಂದ ಉಳಿಯುವುದೆಷ್ಟು? ಪ್ರಯೋಗಶಾಲೆಯಲ್ಲಿ ಮಾಡಿದಷ್ಟೇ ಶುದ್ಧವಾದ ಒಂದು ಪ್ರಯೋಗ 2021ರಲ್ಲಿ ತಾನಾಗಿ ನಡೆಯಿತು. ಜಗತ್ತಿನಾದ್ಯಂತ ಎಲೆಕ್ಟ್ರಾನಿಕ್ ಚಿಪ್‌ಗಳ ಅಭಾವ ತಲೆದೋರಿ, ಜನರಲ್ ಮೋಟಾರ್ಸ್ ತನ್ನ 5.3 ಲೀಟರ್ ಎಂಜಿನ್ನಿನ ಕೆಲವು ಪಿಕಪ್ ಗಾಡಿಗಳನ್ನು ಈ ನಿದ್ದೆಯ ಘಟಕವಿಲ್ಲದೆಯೇ ಮಾರಬೇಕಾಯಿತು. ಮೈಲೇಜು ಗ್ಯಾಲನ್ನಿಗೆ ಒಂದು ಮೈಲಿ ಕಡಿಮೆಯಾಗುತ್ತದೆ ಎಂದು ಕಂಪನಿಯೇ ಹೇಳಿತು. 20 ಮೈಲಿ ಕೊಡುವ ಗಾಡಿ 19 ಕೊಟ್ಟರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 8.5 ಕಿ.ಮೀ. ಇದ್ದದ್ದು ಸುಮಾರು 8.1 ಆಗುತ್ತದೆ. ವರ್ಷಕ್ಕೆ 20,000 ಕಿ.ಮೀ. ಓಡಿಸುವವರಿಗೆ 120 ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲ್. ಒಂದು ಮನೆಗೆ ಇದು ದೊಡ್ಡ ಮೊತ್ತವಲ್ಲ. ಲಕ್ಷಗಟ್ಟಲೆ ಗಾಡಿ ಮಾರುವ, ಸರ್ಕಾರಕ್ಕೆ ಸರಾಸರಿ ಮೈಲೇಜಿನ ಲೆಕ್ಕ ಒಪ್ಪಿಸಬೇಕಾದ ಕಂಪನಿಗೆ ದೊಡ್ಡದು.

ಹಾಗಾದರೆ ದೂರು ಯಾವುದರ ಬಗ್ಗೆ? ಲಿಫ್ಟರ್ ಬಗ್ಗೆ. ಕುಸಿದ ಲಿಫ್ಟರ್ ಮತ್ತೆ ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಆ ಸಿಲಿಂಡರ್ ಏಳುವುದೇ ಇಲ್ಲ. ಅದರ ಕೆಳಗಿನ ಉರುಳೆ ಸವೆದರೆ ಕ್ಯಾಮಿನ ಉಬ್ಬನ್ನೂ ತಿಂದು ಹಾಕುತ್ತದೆ, ಲೋಹದ ಪುಡಿ ಆಯಿಲ್ ಜೊತೆ ಎಂಜಿನ್ನೆಲ್ಲ ಸುತ್ತುತ್ತದೆ. ಲಿಫ್ಟರ್ ಇರುವುದು ಎಂಜಿನ್ನಿನ ಒಳಗೆ. ಅದನ್ನು ಬದಲಿಸಲು ಸಿಲಿಂಡರ್ ಹೆಡ್‌ಗಳನ್ನೇ ಬಿಚ್ಚಬೇಕು. ಭಾಗದ ಬೆಲೆಗಿಂತ ಕೂಲಿ ಹೆಚ್ಚು. ಸಾಮಾನ್ಯ ಲಿಫ್ಟರ್‌ಗಳೂ ಕೆಡುತ್ತವೆ, ನಿಜ. ಆದರೆ ಪಿನ್ನು, ಸ್ಪ್ರಿಂಗು, ಕಿರಿದಾದ ಆಯಿಲ್ ದಾರಿಗಳು ಎಂದು ಚಲಿಸುವ ಭಾಗಗಳು ಹೆಚ್ಚಿದಷ್ಟೂ ಕೆಡುವ ದಾರಿಗಳೂ ಹೆಚ್ಚು. ಆಯಿಲ್ ಬದಲಿಸುವುದನ್ನು ತಡಮಾಡುವವರಿಗೆ ಈ ಎಂಜಿನ್ ದಯೆ ತೋರಿಸುವುದಿಲ್ಲ.

ಯಾವುದು ಇರಲಿ, ಯಾವುದು ಹೋಗಲಿ

ಈಗ ಶಕ್ತಿಗಾಗಿಯೇ ಕಟ್ಟಿದ ಎಂಜಿನ್ನುಗಳಿಗೆ ಬರೋಣ. ಇಲ್ಲಿ ತಯಾರಕರೇ ಬಿಟ್ಟುಹೋದ ಸಾಕ್ಷ್ಯಗಳಿವೆ. 2010ರ ಷೆವರ್ಲೆ ಕಮಾರೊ ಎಸ್.ಎಸ್. ಕಾರನ್ನೇ ನೋಡಿ. ಎರಡು ಬಗೆಯ 6.2 ಲೀಟರ್ ಎಂಜಿನ್ನುಗಳು. ಕೈಯಿಂದ ಗೇರ್ ಹಾಕುವ ಕಾರಿನಲ್ಲಿ ಎಲ್.ಎಸ್-3, 426 ಅಶ್ವಶಕ್ತಿ. ನಿದ್ದೆಯೂ ಇಲ್ಲ, ಹೊತ್ತು ಬದಲಾವಣೆಯೂ ಇಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಎಲ್-99, ಎರಡೂ ಇವೆ, 400 ಅಶ್ವಶಕ್ತಿ. ಇದನ್ನು ನೋಡಿದವರು ‘ಎರಡನ್ನೂ ತೆಗೆದರೆ 26 ಅಶ್ವಶಕ್ತಿ ಬರುತ್ತದೆ’ ಎಂದು ತೀರ್ಮಾನಿಸಿಬಿಡುತ್ತಾರೆ. ವಿಜ್ಞಾನದ ವಿದ್ಯಾರ್ಥಿ ಹಾಗೆ ಮಾಡಬಾರದು. ಎರಡು ಎಂಜಿನ್ನುಗಳ ಕ್ಯಾಮ್ ಬೇರೆ, ಸಂಪೀಡನ ಅನುಪಾತವೂ ಬೇರೆ (10.7 ಮತ್ತು 10.4). ಒಂದೇ ಬಾರಿಗೆ ಹಲವು ಸಂಗತಿಗಳು ಬದಲಾದಾಗ ಫಲಿತಾಂಶವನ್ನು ಒಂದರ ತಲೆಗೆ ಕಟ್ಟುವಂತಿಲ್ಲ.

ಇನ್ನೂ ಸ್ಪಷ್ಟವಾದ ಉದಾಹರಣೆ 2009ರ ಡಾಜ್ ಚಾಲೆಂಜರ್ ಆರ್/ಟಿ. ಅದರ 5.7 ಲೀಟರ್ ಹೆಮಿ ಎಂಜಿನ್ನಿನ ಆಟೊಮ್ಯಾಟಿಕ್ ಆವೃತ್ತಿಯಲ್ಲಿ ಎರಡೂ ಏರ್ಪಾಡುಗಳಿದ್ದವು. ಕೈಗೇರಿನ ಆವೃತ್ತಿಯಲ್ಲಿ ನಿದ್ದೆಯನ್ನು ಮಾತ್ರ ಕೈಬಿಟ್ಟು, ವಾಲ್ವಿನ ಹೊತ್ತು ಬದಲಿಸುವುದನ್ನು ಉಳಿಸಿಕೊಂಡರು. 2023ರ ಕಾರ್ವೆಟ್ ಜಡ್-06ರ 5.5 ಲೀಟರಿನ ಎಂಜಿನ್ ನಿಮಿಷಕ್ಕೆ 8600 ಸುತ್ತುಗಳವರೆಗೆ ಏರಿ 670 ಅಶ್ವಶಕ್ತಿ ಕೊಡುತ್ತದೆ. ಅದರಲ್ಲೂ ವಾಲ್ವಿನ ಹೊತ್ತು ಬದಲಾಗುತ್ತದೆ, ಸಿಲಿಂಡರ್ ಮಲಗುವುದಿಲ್ಲ. ಹಾಗೆಂದು ನಿದ್ದೆ ಮತ್ತು ಶಕ್ತಿ ಒಂದಕ್ಕೊಂದು ಶತ್ರು ಎನ್ನಲೂ ಆಗದು. 2015ರ ಜಡ್-06 ಕಾರು 650 ಅಶ್ವಶಕ್ತಿಯದಾಗಿದ್ದೂ ಎರಡನ್ನೂ ಹೊಂದಿತ್ತು.

ನನ್ನ ಅಭಿಪ್ರಾಯ ಹೀಗೆ. ಕಾರ್ಖಾನೆಯಿಂದ ಬಂದಂತೆಯೇ ಇರುವ, ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು ಬರೀ ಭಯದಿಂದ ಬಿಚ್ಚುವುದು ವ್ಯರ್ಥ. ಪರೀಕ್ಷಾ ಪೋರ್ಟಿಗೆ ಸಿಕ್ಕಿಸುವ ಪುಟ್ಟ ಸಾಧನವೊಂದರಿಂದ ನಿದ್ದೆಗೆ ಹೋಗದಂತೆ ತಡೆಯಬಹುದು. ಆದರೆ ಹಳೆಯ ಲಿಫ್ಟರ್ ಒಳಗೇ ಇರುವುದರಿಂದ ಅದು ಕೆಡುವುದೇ ಇಲ್ಲ ಎಂಬ ಖಾತರಿಯಿಲ್ಲ. ಲಿಫ್ಟರ್ ಈಗಾಗಲೇ ಕೆಟ್ಟಿದ್ದರೆ, ಅಥವಾ ಹೆಚ್ಚು ಶಕ್ತಿಗಾಗಿ ದೊಡ್ಡ ಉಬ್ಬಿನ ಕ್ಯಾಮ್ ಹಾಕುವುದಿದ್ದರೆ, ಹೆಡ್ ಹೇಗೂ ಬಿಚ್ಚಬೇಕು. ಆಗ ನಿದ್ದೆಯ ಏರ್ಪಾಡನ್ನು ತೆಗೆಯುವುದೇ ಸರಿ. ಕುಸಿಯುವ ಲಿಫ್ಟರ್ ಗಟ್ಟಿ ಸ್ಪ್ರಿಂಗುಗಳ ಒತ್ತಡಕ್ಕೂ ಅತಿವೇಗಕ್ಕೂ ಹೇಳಿ ಮಾಡಿಸಿದ್ದಲ್ಲ. ತೆಗೆಯುವುದೆಂದರೆ ಅರೆಬರೆಯಾಗಿ ಅಲ್ಲ. ಎಂಟೂ ಸಿಲಿಂಡರಿಗೆ ಸಾಮಾನ್ಯ ಲಿಫ್ಟರ್, ಅದಕ್ಕೆ ತಕ್ಕ ಕ್ಯಾಮ್ (ಹಳೆಯದರಲ್ಲಿ ಮಲಗುವ ಸಿಲಿಂಡರುಗಳ ಉಬ್ಬಿನ ಆಕಾರವೇ ಬೇರೆ), ಆಯಿಲ್ ದಾರಿಗಳಿಗೆ ಬಿರಡೆ, ಹೊಸ ಗ್ಯಾಸ್ಕೆಟ್ ಮತ್ತು ಹೆಡ್ ಬೋಲ್ಟುಗಳು, ಕೊನೆಗೆ ಕಂಪ್ಯೂಟರಿನ ಪ್ರೋಗ್ರಾಮ್ ಬದಲಾವಣೆ. ಯಾವ ಒಂದನ್ನು ಬಿಟ್ಟರೂ ಕೆಲಸ ಕೆಡುತ್ತದೆ.

ಹೊತ್ತು ಬದಲಿಸುವ ಫೇಸರನ್ನು ಮಾತ್ರ ಉಳಿಸಿಕೊಳ್ಳಬೇಕು. ಒಂದು ಅಪಾಯವಿದೆ, ಅದನ್ನು ತಿಳಿದಿರಬೇಕು. ಇಂಥ ಎಂಜಿನ್ನಿನಲ್ಲಿ ಫೇಸರ್ ಕ್ಯಾಮನ್ನು ಕ್ರ್ಯಾಂಕಿನ ಲೆಕ್ಕದಲ್ಲಿ 60 ಡಿಗ್ರಿಯ ಆಸುಪಾಸು ತಿರುಗಿಸಬಲ್ಲದು. ಉಬ್ಬು ದೊಡ್ಡದಾದಾಗ ವಾಲ್ವ್ ಹೆಚ್ಚು ಕೆಳಗಿಳಿಯುತ್ತದೆ. ಅದೇ ವೇಳೆಗೆ ಪಿಸ್ಟನ್ ಮೇಲೆ ಬಂದರೆ ಎರಡೂ ಡಿಕ್ಕಿ ಹೊಡೆದು ಎಂಜಿನ್ ನುಚ್ಚುನೂರು. ಆದ್ದರಿಂದ ಫೇಸರ್ ಒಳಗೆ ಒಂದು ತಡೆಯನ್ನಿಟ್ಟು ಅದರ ತಿರುಗಾಟವನ್ನು ಸುಮಾರು 20 ಡಿಗ್ರಿಗೆ ಇಳಿಸುತ್ತಾರೆ. ಅಷ್ಟಾದರೂ ಕೆಳವೇಗದ ಎಳೆತ ಉಳಿದುಕೊಳ್ಳುತ್ತದೆ. ರೇಸಿಗೆ ಮಾತ್ರ ಬಳಸುವ, ಸದಾ ಮೇಲ್ವೇಗದಲ್ಲೇ ಓಡುವ ಎಂಜಿನ್ ಆದರೆ ಮಾತು ಬೇರೆ. ಅದಕ್ಕೆ ಕೆಳವೇಗದ ಹಂಗಿಲ್ಲ, ತೆಗೆದು ಸರಳಗೊಳಿಸಬಹುದು. ದಿನವೂ ಪೇಟೆಯಲ್ಲಿ ಓಡಾಡುವ ಕಾರಿಗೆ ಅದು ಹೊಂದುವುದಿಲ್ಲ.

ನಮ್ಮಲ್ಲಿ ಎಂಟು ಸಿಲಿಂಡರಿನ ಕಾರುಗಳು ಅಪರೂಪ. ಆದರೆ 2021ರಿಂದ ಇಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಟೈಗುನ್, ಸ್ಕೋಡಾ ಕುಶಾಕ್ ಕಾರುಗಳ 1.5 ಲೀಟರ್ ಎಂಜಿನ್ನಿನಲ್ಲಿ ನಾಲ್ಕರಲ್ಲಿ ನಡುವಿನ ಎರಡು ಸಿಲಿಂಡರುಗಳು ಮಲಗುತ್ತವೆ. ಅಮೆರಿಕದ ಲಿಫ್ಟರ್ ಕಥೆ ಕೇಳಿ ಇದಕ್ಕೂ ಹೆದರುವವರಿದ್ದಾರೆ. ಇಲ್ಲಿ ಕುಸಿಯುವ ಲಿಫ್ಟರೇ ಇಲ್ಲ. ಕ್ಯಾಮಿನ ಮೇಲಿನ ತೋಳೊಂದು ಪಕ್ಕಕ್ಕೆ ಜಾರಿ, ಉಬ್ಬಿನ ಜಾಗಕ್ಕೆ ಉಬ್ಬಿಲ್ಲದ ದುಂಡು ಭಾಗ ಬರುತ್ತದೆ. ಕೆಲಸ ಒಂದೇ, ಯಂತ್ರ ಬೇರೆ; ಒಂದರ ಕಾಯಿಲೆ ಇನ್ನೊಂದಕ್ಕೆ ಅಂಟುವುದಿಲ್ಲ.

ತಂದೆತಾಯಂದಿರಿಗೆ ಒಂದು ಮಾತು. ಮಗ ‘ಎಂಜಿನ್ ಸ್ವಲ್ಪ ಬದಲಾಯಿಸಿಕೊಳ್ಳುತ್ತೇನೆ, ಹಣ ಕೊಡಪ್ಪಾ’ ಎಂದಾಗ ಕೇಳಬೇಕಾದದ್ದು ವೆಚ್ಚವನ್ನಷ್ಟೇ ಅಲ್ಲ. ಅಮೆರಿಕದಲ್ಲಿ ಇಂಥ ಬದಲಾವಣೆ ಹೊಗೆಯ ಪ್ರಮಾಣವನ್ನು ಹೆಚ್ಚಿಸಿದರೆ ಶುದ್ಧ ವಾಯು ಕಾಯಿದೆ ಅಡ್ಡ ಬರುತ್ತದೆ. ನಮ್ಮಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಮಾಲೀಕ ಎಂದರೆ ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರು. ಹೆಚ್ಚಿನ ಮನೆಗಳಲ್ಲಿ ಅದು ಅಪ್ಪನ ಹೆಸರು.